ಮೂರನೇ ಬ್ಲಾಕ್ ಟೀಮು, ಗಂಗಾಧರಯ್ಯನವರ ಬಾಯಿ

ಸಂಜೆ ಐದೂಮುಕ್ಕಾಲಿಗೆ ಗಂಗಾಧರಯ್ಯನವರು ಕಚೇರಿಯಿಂದ ಬಂದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕಾಫಿ ಲೋಟ ಹಿಡಿದುಕೊಂಡೇ ಮನೆಯಿಂದ ಹೊರಟರೆಂದರೆ, ಎಲ್ಲಿಗೆ ಎಂದು ಆ ರಸ್ತೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಎದುರಿನ ಖಾಲಿ ಸೈಟಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಕೋರ್ಟು. ಅದರ ಪಕ್ಕದಲ್ಲಿ, ಚರಂಡಿಗೆ ಹಾಕಲೆಂದು ತಂದು ಯಾರೋ ಮರೆತುಬಿಟ್ಟ ಒಂದು ಚಪ್ಪಡಿ ಕಲ್ಲು. ಆ ಕಲ್ಲಿನ ಎಡತುದಿ ಅವರದು. ಅಲ್ಲಿ ಬೇರೆಯವರು ಕೂತಿದ್ದರೆ ಇವರು ಬರುವುದು ಕಂಡಕೂಡಲೇ ಎದ್ದು ಜಾಗ ಬಿಡುತ್ತಿದ್ದರು. ಗೌರವಕ್ಕಲ್ಲ, ಪಕ್ಕದಲ್ಲಿ ಕೂತರೆ ಕಿವಿ ಉಳಿಯುವುದಿಲ್ಲ ಎಂದು.

ಅದು ಸಾವಿರದ ಒಂಬೈನೂರ ಅರವತ್ತಮೂರನೇ ಇಸವಿ. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಎಲ್ಲಿ ಎರಡು ಸೈಟು ಖಾಲಿ ಸಿಕ್ಕಿದರೂ ಹುಡುಗರು ಸುಣ್ಣದಲ್ಲಿ ಗೆರೆ ಎಳೆದು, ಎರಡು ಕಂಬ ಹುಗಿದು, ನೆಟ್ಟು ಕಟ್ಟಿ, ಹಳದಿ ಉಣ್ಣೆಯ ಚೆಂಡನ್ನು ಹೊಡೆಯಲು ಶುರು ಮಾಡುತ್ತಿದ್ದರು. ಒಂದೊಂದು ಕಡೆ ಐದೈದು ಜನ. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಸೆಂಟರ್ ಎಂಬ ಒಬ್ಬ. ಇಪ್ಪತ್ತೊಂಬತ್ತು ಪಾಯಿಂಟಿಗೆ ಒಂದು ಆಟ, ಮೂರರಲ್ಲಿ ಎರಡು ಆಟ ಗೆದ್ದವರು ಪಂದ್ಯ ಗೆದ್ದಂತೆ. ಮೂರನೇ ಬ್ಲಾಕಿನ ಟೀಮು ಪಂದ್ಯ ಗೆದ್ದು ಆಗಲೇ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಈ ಲೆಕ್ಕ ಟೀಮಿನವರಿಗೂ ಮರೆತಿತ್ತು, ಗಂಗಾಧರಯ್ಯನವರಿಗೆ ಮರೆತಿರಲಿಲ್ಲ.

ಅವರು ಜನ್ಮದಲ್ಲಿ ಒಂದು ದಿನವೂ ಬ್ಯಾಟು ಹಿಡಿದವರಲ್ಲ. ಹಾಗಂತ ಹೆಂಡತಿ ಸೀತಮ್ಮ ಒಮ್ಮೆ ಚುಚ್ಚಿದ್ದಕ್ಕೆ, ಹುಳಿಗೆ ಉಪ್ಪು ಸಾಲದು ಅಂತ ಹೇಳೋಕೆ ಒಲೆ ಊದಿರಬೇಕಾ ಎಂದು ಕೇಳಿದರು. ಹುಳಿ ವಿಚಾರ ಎತ್ತೋದಾದರೆ ಊದಿಯೇ ಎತ್ತಿ ಎಂದು ಸೀತಮ್ಮ ಊದುಗೊಳವೆಯನ್ನು ಕೈಗೇ ಕೊಟ್ಟಿದ್ದರು.

ಟೀಮಿನ ಒಬ್ಬೊಬ್ಬರ ಬಗ್ಗೆಯೂ ಅವರಿಗೆ ಪ್ರತ್ಯೇಕ ಅಭಿಪ್ರಾಯವಿತ್ತು. ಮುಂದೆ ಬಲಕ್ಕೆ ನಿಲ್ಲುವ ಹೆಡ್ ಕ್ಲರ್ಕ್ ರಾಮಯ್ಯ ಚೆಂಡನ್ನು ಹೊಡೆಯುವುದಿಲ್ಲ, ಅದಕ್ಕೆ ಮೊಹರು ಒತ್ತುತ್ತಾನೆ. ಅಕೌಂಟ್ಸಿನ ಅಣ್ಣತಮ್ಮಂದಿರಲ್ಲಿ ಅಣ್ಣ ಮುಂದೆ, ತಮ್ಮ ಹಿಂದೆ. ಇಬ್ಬರ ನಡುವೆ ಚೆಂಡು ಬಿದ್ದರೆ ಚಿಕ್ಕವನು ಹೊಡೆಯಲಿ ಎಂದು ಅಣ್ಣ ಬಿಡುತ್ತಾನೆ, ದೊಡ್ಡವನು ಹೊಡೆಯಲಿ ಎಂದು ತಮ್ಮ ಬಿಡುತ್ತಾನೆ, ಇವರ ಪ್ರೀತಿಗೆ ಪಾಯಿಂಟು ಹೋಗುತ್ತದೆ. ಇನ್ನು ಕಿಟ್ಟಿ. ಇಪ್ಪತ್ತೆರಡರ ಟೈಪಿಸ್ಟು, ಇನ್ನೂ ಟೆಂಪೊರರಿ. ಚಿಗರೆಯ ಹಾಗೆ ಓಡುವ ಅವನನ್ನು ಹಿಂದಿನ ಎಡಮೂಲೆಯಲ್ಲಿ, ಚೆಂಡು ವಾರಕ್ಕೊಮ್ಮೆ ಬರುವ ಕಡೆ ನಿಲ್ಲಿಸಿದ್ದರು. ಓಡುವವನೇ ನಿಲ್ಲಬೇಕಾದ ಸೆಂಟರಿನಲ್ಲಿ ಕ್ಯಾಪ್ಟನ್ ಜಯಸಿಂಹ. ಅವರದು ತುಂಬಿದ ಮೈ, ಬೀಸಿದರೆ ಚೆಂಡು ರಸ್ತೆ ದಾಟುವಂಥ ತೋಳು. ಹಿಂದೆ ನಿಂತರೆ ಬಂಗಾರದಂಥ ಆಟಗಾರ. ನಡುವೆ ನಿಂತರೆ ಬರೀ ನಿಂತವರು.

ಇದಕ್ಕೆಲ್ಲ ಕಾರಣ ಒಂದು ಹಾಳೆ. ಟೀಮಿನ ಐದೂ ಜನ ಒಂದೇ ಸರ್ಕಾರಿ ಕಚೇರಿಯವರು. ಕ್ಲಬ್ಬಿನ ಕಾರ್ಯದರ್ಶಿ, ಸೌದೆ ಡಿಪೋದ ಬೈರಣ್ಣ, ಯಾರ ಮನಸ್ಸೂ ನೋಯಬಾರದೆಂದು ಕಚೇರಿಯ ಸೀನಿಯಾರಿಟಿ ಪಟ್ಟಿಯನ್ನೇ ತಂದು ಕೋರ್ಟಿನ ಬೋರ್ಡಿಗೆ ಅಂಟಿಸಿಬಿಟ್ಟಿದ್ದ. ಕೆಲಸಕ್ಕೆ ಸೇರಿದ ತಾರೀಖಿನ ಪ್ರಕಾರ ಜಾಗ. ಸೂಪರಿಂಟೆಂಡೆಂಟರಾದ ಜಯಸಿಂಹರು ನಡುವೆ, ಹೆಡ್ ಕ್ಲರ್ಕು ಮುಂದೆ, ಟೆಂಪೊರರಿ ಹಿಂದೆ. ಸರ್ವೀಸು ಮಾಡುವುದೂ ಅದೇ ಸಾಲಿನಲ್ಲಿ.

ತೊಡಕು ಏನೆಂದರೆ, ಗಂಗಾಧರಯ್ಯನವರೂ ಅದೇ ಕಚೇರಿಯವರು, ಜಯಸಿಂಹರ ಕೈಕೆಳಗಿನ ಗುಮಾಸ್ತರು. ಹಾಗಾಗಿ ಉಳಿದ ನಾಲ್ವರನ್ನು ಹೆಸರು ಹಿಡಿದು ಬೈದರೆ, ಜಯಸಿಂಹರನ್ನು ಮಾತ್ರ ದೀಪದ ಕಂಬದ ಕಡೆ ತಿರುಗಿ ಬೈಯುತ್ತಿದ್ದರು. ಸೆಂಟರ್ ಹುದ್ದೆ ಖಾಲಿ ಇದ್ದ ಹಾಗಿದೆಯಪ್ಪ ಎಂದು ಕಂಬಕ್ಕೆ ಹೇಳುವರು. ಜಯಸಿಂಹರೂ ಕಂಬಕ್ಕೆ ಹೇಳಿದ್ದೆಂದೇ ತಿಳಿದವರಂತೆ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುವರು. ಇಪ್ಪತ್ತಾರು ವರ್ಷ ಇನ್ನೊಬ್ಬರು ಹೇಳಿದ್ದನ್ನು ಬರೆದು, ಕೆಳಗೆ 'ಆದೇಶದ ಮೇರೆಗೆ' ಎಂದು ಸೇರಿಸಿದ ಮನುಷ್ಯನಿಗೆ, ನನ್ನ ಅಭಿಪ್ರಾಯ ಇದು ಎನ್ನಲು ಪ್ರಪಂಚದಲ್ಲಿ ಇದ್ದದ್ದು ಆ ಒಂದೂವರೆ ಅಡಿ ಕಲ್ಲು.

ಬಸವನಗುಡಿಯ ಟೀಮೊಂದರ ಮೇಲೆ ಇಪ್ಪತ್ತೊಂಬತ್ತು-ಆರರಲ್ಲಿ ಸೋತ ದಿನ ಅವರ ಬಾಯಿ ಹದ್ದು ಮೀರಿತು. ನೆಟ್ಟಿನ ಎರಡು ಕಂಬಗಳನ್ನೇ ಆಡಿಸಬಹುದಿತ್ತು, ಕೊನೆಗೆ ಚೆಂಡಾದರೂ ತಾನಾಗಿ ಬಂದು ತಗಲುತ್ತಿತ್ತು ಎಂದರು. ಗೆದ್ದವರು ನಕ್ಕರು. ಮುಖ್ಯ ಅತಿಥಿಗಳು ಹಾರ ಹಾಕಿಸಿಕೊಂಡೇ ನಕ್ಕರು. ಅತಿಥಿಗಳಿಗೆ ಕುರ್ಚಿ, ಹಾರ, ಟೀ, ಇಷ್ಟನ್ನೇ ಆಟವೆಂದು ತಿಳಿದಿದ್ದ ಬೈರಣ್ಣನಿಗೆ ಅದು ಎದೆಗೆ ನಾಟಿತು.

ಮರುದಿನವೇ ಅವನು ಒಂದು ಕಾಗದ ಹಿಡಿದು ಮನೆಗೆ ಬಂದ. ಕಮಿಟಿ ತೀರ್ಮಾನ ಮಾಡಿದೆ ಎಂದ. ಭಾನುವಾರ ಟೂರ್ನಮೆಂಟಿನಲ್ಲಿ ಬೇಗೂರಿನವರ ಮೇಲೆ ಪಂದ್ಯ. ಆ ಒಂದು ಪಂದ್ಯಕ್ಕೆ ಗಂಗಾಧರಯ್ಯನವರೇ ಮ್ಯಾನೇಜರು. ಗೆದ್ದರೆ ಕಲ್ಲು ಅವರದೇ, ಏನು ಬೇಕಾದರೂ ಅನ್ನಲಿ. ಸೋತರೆ ಇನ್ನು ಮುಂದೆ ಆ ಕಲ್ಲಿನ ಮೇಲೆ ಕೂರಬಾರದು, ಕೋರ್ಟಿನ ಸುತ್ತ ಬಾಯಿ ತೆರೆಯಬಾರದು.

"ಅಷ್ಟೊಂದು ತಿಳ್ಕೊಂಡಿದೀರಲ್ಲ ಸಾರ್, ಒಂದ್ಸಲ ಮಾಡಿ ತೋರಿಸ್ಬಿಡಿ," ಎಂದ ಬೈರಣ್ಣ, ಪೆನ್ನಿನ ಮುಚ್ಚಳ ತೆಗೆಯುತ್ತ.

ಒಳಗಿನಿಂದ ಸೀತಮ್ಮನ ದನಿ ಬಂತು. "ಸೈನ್ ಹಾಕ್ಬೇಡಿ. ದಿನಾ ಸಂಜೆ ನಿಮ್ಮನ್ನ ಮನೇಲಿಟ್ಕೊಂಡು ನಾನೇನ್ ಮಾಡ್ಲಿ?"

ಆದರೆ ಗಂಗಾಧರಯ್ಯನವರು ಆಗಲೇ ಸಹಿ ಹಾಕಿ, ಅಭ್ಯಾಸಬಲದಿಂದ ಕೆಳಗೆ ತಾರೀಖನ್ನೂ ಬರೆದಾಗಿತ್ತು.

ಗೆಲ್ಲುವ ಉಪಾಯ ಅವರಿಗೆ ಎರಡು ವರ್ಷದಿಂದ ಗೊತ್ತೇ ಇತ್ತು. ಜಯಸಿಂಹ ಹಿಂದಕ್ಕೆ, ಕಿಟ್ಟಿ ನಡುವಿಗೆ. ಅಷ್ಟೇ. ಆದರೆ ಸೂಪರಿಂಟೆಂಡೆಂಟರ ಮುಖ ನೋಡಿ 'ನೀವು ಹಿಂದೆ ಹೋಗಿ' ಎನ್ನುವುದು ಹೇಗೆ? ಶನಿವಾರ ಸಂಜೆ ಕನ್ನಡಿಯ ಮುಂದೆ ನಾಲ್ಕು ಸಲ ಹೇಳಿ ನೋಡಿ, ಒಗೆದ ಪಂಚೆ ಉಟ್ಟು ಜಯಸಿಂಹರ ಮನೆಗೆ ಹೋದರು. ಜಯಸಿಂಹರು ಪೇಪರಿನಿಂದ ತಲೆಯೆತ್ತಿ ಏನ್ರೀ ಎಂದರು. ನಾಳೆ ಒಂಬತ್ತಕ್ಕೆ ಆಟ ಸಾರ್ ಎಂದರು ಇವರು. ಗೊತ್ತು ಎಂದರು ಅವರು. ಇವರು ನಮಸ್ಕಾರ ಮಾಡಿ ವಾಪಸ್ಸು ಬಂದರು.

ಭಾನುವಾರ ಬೇಗೂರಿನವರು ಮೂರು ಸೈಕಲ್ಲಿನಲ್ಲಿ ಐದು ಜನ ಬಂದಿಳಿದರು. ಬರಿಗಾಲು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ. ಕ್ಯಾಪ್ಟನ್ ಚಿಕ್ಕಬೈರಪ್ಪ ಬೆಳಿಗ್ಗೆ ತೋಟಕ್ಕೆ ನೀರು ಕಟ್ಟಿ ಬಂದವನು, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಗಂಗಾಧರಯ್ಯನವರಿಗೆ ಬೈರಣ್ಣ ಒಂದು ಮಡಿಸುವ ಕುರ್ಚಿ ಹಾಕಿಸಿದ್ದ, ಬೇಕೆಂತಲೇ ಚಪ್ಪಡಿ ಕಲ್ಲಿನ ಎದುರು ಬದಿಗೆ.

ಮೊದಲ ಆಟ ಸೀನಿಯಾರಿಟಿ ಪ್ರಕಾರವೇ ನಡೆಯಿತು. ಚಿಕ್ಕಬೈರಪ್ಪ ಎರಡು ನಿಮಿಷದಲ್ಲಿ ವಿಷಯ ತಿಳಿದುಕೊಂಡು ಚೆಂಡನ್ನೆಲ್ಲ ನಡುವಿಗೇ ಹಾಕತೊಡಗಿದ. ಒಂದು ಜಯಸಿಂಹರ ಎಡಕ್ಕೆ, ಇನ್ನೊಂದು ಬಲಕ್ಕೆ. ಅವರು ಎಡಕ್ಕೆ ಹೊರಡುವಷ್ಟರಲ್ಲಿ ಚೆಂಡು ಬಲಕ್ಕೆ ಬಿದ್ದು ತಣ್ಣಗಾಗಿರುತ್ತಿತ್ತು. ಗಂಗಾಧರಯ್ಯನವರು ತಡೆಯಲಾರದೆ ರಾಮಯ್ಯ ಮುಂದೆ ಬಾ ಎಂದು ಕೂಗಿದರು. ಅಂಪೈರು ಸೀಟಿ ಊದಿ ಆಟ ನಿಲ್ಲಿಸಿದ. ಟೂರ್ನಮೆಂಟಿನ ನಿಯಮದಂತೆ ಆಟ ನಡೆಯುವಾಗ ಮ್ಯಾನೇಜರು ಮಾತಾಡುವ ಹಾಗಿಲ್ಲ, ಇನ್ನೊಮ್ಮೆ ಬಾಯಿ ಬಿಟ್ಟರೆ ಎದುರಿನವರಿಗೆ ಒಂದು ಪಾಯಿಂಟು ಎಂದ. ಗಂಗಾಧರಯ್ಯನವರು ತೆರೆದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡರು.

ಇಪ್ಪತ್ತೊಂಬತ್ತು-ಹನ್ನೊಂದು.

ಎರಡನೇ ಆಟಕ್ಕೆ ಮುಂಚೆ ಐದು ನಿಮಿಷ ಬಿಡುವು. ಆಟಗಾರರು ಮಜ್ಜಿಗೆ ಕುಡಿಯುತ್ತಿದ್ದರು. ಆಚೆ ಬದಿಯಲ್ಲಿ ಕಲ್ಲು ಬಿಸಿಲಿಗೆ ಹೊಳೆಯುತ್ತಿತ್ತು, ಅದರ ಎಡತುದಿಯಲ್ಲಿ ಆಗಲೇ ಯಾರೋ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಗಂಗಾಧರಯ್ಯನವರು ಎದ್ದು ಜಯಸಿಂಹರ ಹತ್ತಿರ ಹೋಗಿ ನಿಂತರು. ಸಾರ್ ಎಂದರು. ಏನು ಎಂದು ಅವರು ಕೇಳಿದಾಗ ಮಜ್ಜಿಗೆ ಇನ್ನೊಂದು ಲೋಟ ಬೇಕಾ ಎಂದು ಬಾಯಿಗೆ ಬಂತು. ಕುರ್ಚಿಗೆ ವಾಪಸ್ಸು ಬಂದು ಕೂತು, ತಮ್ಮ ನಾಲಿಗೆಗೆ ತಾವೇ ಶಾಪ ಹಾಕಿಕೊಂಡರು.

ಕೈಗೆ ಸ್ಕೋರು ಬರೆಯುವ ಹಾಳೆ ಸಿಕ್ಕಿತು. ಜೇಬಿನಲ್ಲಿ ಪೆನ್ನಿತ್ತು. ನಾಲಿಗೆಗೆ ಬಾರದ್ದು ಪೆನ್ನಿಗೆ ಬಂತು. ಇಪ್ಪತ್ತಾರು ವರ್ಷ ಅವರು ಬರೆದದ್ದು ಆದೇಶಗಳನ್ನೇ ತಾನೆ. ಹಾಳೆ ಮಗುಚಿ, ಅಂಚಿಗೆ ಜಾಗ ಬಿಟ್ಟು, ತಪ್ಪಿಲ್ಲದ ಅಕ್ಷರದಲ್ಲಿ ಬರೆದರು:

'ಶ್ರೀ ಜಯಸಿಂಹ, ಸೆಂಟರ್, ಇವರನ್ನು ಸಾರ್ವಜನಿಕ ಹಿತದೃಷ್ಟಿಯಿಂದ, ತಕ್ಷಣದಿಂದ ಜಾರಿಗೆ ಬರುವಂತೆ, ಹಿಂದಿನ ಎಡಮೂಲೆಗೆ ವರ್ಗಾಯಿಸಲಾಗಿದೆ. ಸದರಿ ಮೂಲೆಯಲ್ಲಿರುವ ಶ್ರೀ ಕಿಟ್ಟಿ, ಇವರು ಸೆಂಟರ್ ಸ್ಥಾನದ ಕಾರ್ಯಭಾರ ವಹಿಸಿಕೊಳ್ಳತಕ್ಕದ್ದು.'

ಕೆಳಗೆ 'ಮ್ಯಾನೇಜರ್' ಎಂದು ಸಹಿ. ಎರಡೂ ಕೈಯಲ್ಲಿ ಹಿಡಿದು ಒಯ್ದು ಕೊಟ್ಟರು.

ಜಯಸಿಂಹರು ಕನ್ನಡಕ ಹಾಕಿಕೊಂಡು ಒಂದು ಸಲ ಓದಿದರು. ಮತ್ತೆ ಮೇಲಿನಿಂದ ಓದಿದರು. ಸುತ್ತ ನಿಂತವರ ಕೈಯಲ್ಲಿ ಮಜ್ಜಿಗೆ ಲೋಟಗಳು ಹಾಗೇ ನಿಂತವು. ಈ ಮನುಷ್ಯ ಚಿತ್ರದುರ್ಗಕ್ಕೆ ಎಂದರೆ ಚಿತ್ರದುರ್ಗಕ್ಕೆ, ರಾಯಚೂರಿಗೆ ಎಂದರೆ ರಾಯಚೂರಿಗೆ ಹೆಂಡತಿ ಮಕ್ಕಳು, ಟ್ರಂಕು, ಒನಕೆ ಸಮೇತ ಮಾತಿಲ್ಲದೆ ಹೋಗಿ ಬಂದವರು. ಸಾರ್ವಜನಿಕ ಹಿತ ಎಂದ ಮೇಲೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ ಎಂಬುದು ಅವರ ನಂಬಿಕೆ. ಮೆಲ್ಲಗೆ ಕನ್ನಡಕ ತೆಗೆದರು.

"ಚಾರ್ಜು ಈಗಲೇ ಕೊಡ್ಬೇಕೇನ್ರೀ?"

"ಈಗಲೇ ಸಾರ್. ತಕ್ಷಣದಿಂದ ಅಂತ ಇದೆ."

"ಸರಿ." ಪೆನ್ನು ಇಸಕೊಂಡು ಹಾಳೆಯ ಮೂಲೆಗೆ 'ನೋಡಿದೆ' ಎಂದು ಬರೆದು ಚಿಕ್ಕ ಸಹಿ ಹಾಕಿದರು. ಆಮೇಲೆ ಕಿಟ್ಟಿಯ ಕಡೆ ತಿರುಗಿ, "ಬಾಪ್ಪಾ, ವಹಿಸ್ಕೋ. ಆ ಬೇಗೂರಿನೋನು ಎಡಕ್ಕೆ ಹಾಕ್ತಾನೆ, ಹುಷಾರು," ಎಂದರು.

ಎರಡನೇ ಆಟದಲ್ಲಿ ಚಿಕ್ಕಬೈರಪ್ಪ ನಡುವಿಗೆ ಹಾಕಿದ ಚೆಂಡೆಲ್ಲ ವಾಪಸ್ಸು ಬಂತು. ಕಿಟ್ಟಿ ಎಡಕ್ಕೂ ಇದ್ದ, ಬಲಕ್ಕೂ ಇದ್ದ, ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಬಿಟ್ಟುಕೊಟ್ಟ ಚೆಂಡಿನ ಹತ್ತಿರವೂ ಇದ್ದ. ಅವನ ತಲೆಯ ಮೇಲೆ ಹಾರಿದ್ದು ಜಯಸಿಂಹರಿಗೆ ಸಿಗುತ್ತಿತ್ತು. ಓಡುವ ಕಷ್ಟವಿಲ್ಲದ ಮೂಲೆಯಲ್ಲಿ ನಿಂತು ಅವರು ಬೀಸಿದರೆ ಚೆಂಡು ಬೇಗೂರಿನವರ ಹಿಂದಿನ ಗೆರೆಗಿಂತ ಒಂದು ಗೇಣು ಒಳಗೆ ಬೀಳುತ್ತಿತ್ತು. ಇಪ್ಪತ್ತೊಂಬತ್ತು-ಇಪ್ಪತ್ತನಾಲ್ಕು. ಎಷ್ಟೋ ಕಾಲದ ಮೇಲೆ ಒಂದು ಆಟ ಗೆದ್ದ ಮೂರನೇ ಬ್ಲಾಕಿನವರಿಗೆ ಚಪ್ಪಾಳೆ ತಟ್ಟುವುದು ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯಲಿಲ್ಲ.

ಮೂರನೇ ಆಟ ಗಂಗಾಧರಯ್ಯನವರ ಪಾಲಿಗೆ ಶಿಕ್ಷೆ. ರಾಮಯ್ಯ ಮೊಹರು ಒತ್ತುವುದನ್ನು ಬಿಟ್ಟಿರಲಿಲ್ಲ. ಅಣ್ಣತಮ್ಮಂದಿರ ಪ್ರೀತಿ ಕಡಿಮೆಯಾಗಿರಲಿಲ್ಲ. ಒಂದೊಂದಕ್ಕೂ ಗಂಟಲಿನವರೆಗೆ ಬೈಗುಳ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಂಪೈರು ಆಗಾಗ ಅವರ ಬಾಯಿಯ ಕಡೆಯೇ ನೋಡುತ್ತಿದ್ದ. ಇಪ್ಪತ್ತಕ್ಕೆ ಇಪ್ಪತ್ತು ಆದಾಗ ಹೆಗಲ ಮೇಲಿನ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ಇಪ್ಪತ್ತಾರಕ್ಕೆ ಅರ್ಧ ಟವೆಲು ಒಳಗಿತ್ತು. ಇಪ್ಪತ್ತೇಳು-ಇಪ್ಪತ್ತೇಳರಲ್ಲಿ ಕಣ್ಣು ಮುಚ್ಚಿದರು. ಕೂಗು ಕೇಳಿ ತೆರೆದಾಗ ಕಿಟ್ಟಿ ನೆಲದ ಮೇಲೆ ಅಂಗಾತ ಬಿದ್ದು ನಗುತ್ತಿದ್ದ, ಜಯಸಿಂಹರು ಅವನನ್ನು ಕೈಹಿಡಿದು ಎತ್ತುತ್ತಿದ್ದರು, ಚೆಂಡು ಆಚೆ ಕಡೆ ಸತ್ತು ಬಿದ್ದಿತ್ತು. ಇಪ್ಪತ್ತೊಂಬತ್ತು-ಇಪ್ಪತ್ತೇಳು.

ಬೈರಣ್ಣ ಸಹಿ ಮಾಡಿದ ಕಾಗದವನ್ನು ಎಲ್ಲರೆದುರು ಹರಿದುಹಾಕಿದ. ಅವನ ಕಣ್ಣಲ್ಲಿ ನೀರೇ ಬಂದಿತ್ತು. ಮುಖ್ಯ ಅತಿಥಿಗೆಂದು ತಂದ ಹಾರವನ್ನು ಗಂಗಾಧರಯ್ಯನವರ ಕೊರಳಿಗೆ ಹಾಕಿ, ಈ ವರ್ಷಪೂರ್ತಿ ನೀವೇ ಮ್ಯಾನೇಜರು, ಕುರ್ಚಿ ನಿಮ್ಮದೇ ಎಂದ. ಗಂಗಾಧರಯ್ಯನವರು ಬಾಯಿಯಿಂದ ಟವೆಲು ಹೊರತೆಗೆದು ಒಂದು ನಿಮಿಷ ದವಡೆ ಉಜ್ಜಿಕೊಂಡರು.

"ಬೇಡ ಬೈರಣ್ಣ. ಮ್ಯಾನೇಜರ್ ಅಂದ್ರೆ ಬಾಯ್ ಮುಚ್ಕೊಂಡು ಕೂರೋ ಕೆಲಸ. ಅದು ನಂಗೆ ಆಫೀಸ್ನಲ್ಲೇ ಇದೆ."

ಹಾರ ತೆಗೆದು ಕಿಟ್ಟಿಗೆ ಹಾಕಿ, ಕೋರ್ಟು ದಾಟಿ ಕಲ್ಲಿನ ಹತ್ತಿರ ಬಂದರು. ಕಡಲೆಕಾಯಿಯವನು ಸಿಪ್ಪೆ ಸಮೇತ ಎದ್ದುಹೋದ. ಎಡತುದಿಯಲ್ಲಿ ಕೂತು, ಇನ್ನು ಎಲ್ಲಿಂದ ಶುರು ಮಾಡಲಿ ಎಂದು ರಾಮಯ್ಯನನ್ನು ಕಣ್ಣಲ್ಲೇ ಹುಡುಕುತ್ತಿದ್ದಾಗ, ಎದುರಿಗೆ ಚಿಕ್ಕಬೈರಪ್ಪ ಬಂದು ನಿಂತ. ಸೈಕಲ್ಲು ಕೈಯಲ್ಲಿತ್ತು, ಹೊರಡುವ ಮನಸ್ಸಿರಲಿಲ್ಲ.

"ಸಾಮಿ, ಕಲ್ ಮ್ಯಾಲೆ ಕುಂತು ಬಯ್ಯೋರು ಒಬ್ರವ್ರೆ ಅಂತ ಕೇಳಿದ್ದೆ. ನೀವೇಯಾ?"

ಹೌದಪ್ಪ ಎಂದರು ಗಂಗಾಧರಯ್ಯನವರು, ಸ್ವಲ್ಪ ನಾಚಿ.

"ನಮ್ಮೂರಾಗೆ ಗೆದ್ರೂ ಚೆಂದಾಗ್ ಆಡುದ್ರಿ ಅಂತಾರೆ, ಸೋತ್ರೂ ಚೆಂದಾಗ್ ಆಡುದ್ರಿ ಅಂತಾರೆ. ಎಲ್ ತಪ್ಪುದ್ವಿ ಅಂತ ಯೋಳೋರೇ ಇಲ್ಲ. ವಸಿ ನಮ್ಗೂ ಬಯ್ರಿ."

ಗಂಗಾಧರಯ್ಯನವರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಮನೆಯ ಬಾಗಿಲಿನಿಂದ ಸೀತಮ್ಮ ಊಟಕ್ಕೆ ಬನ್ನಿ ಎಂದು ಕೈಸನ್ನೆ ಮಾಡುತ್ತಿದ್ದರು, ಅವರಿಗೆ ಕಾಣಲಿಲ್ಲ. ಕಲ್ಲಿನ ಮೇಲೆ ಸರಿದು, ಬೇಗೂರಿನವನಿಗೆ ಪಕ್ಕದಲ್ಲಿ ಜಾಗ ಮಾಡಿದರು.

"ಕೂತ್ಕೊ. ಮೊದಲು ನಿನ್ನ ಎಡಗಾಲಿನ ವಿಚಾರ ತಗೊಳ್ಳೋಣ. ಅದನ್ನ ಆಟಕ್ಕೆ ಕರ್ಕೊಂಡ್ ಬರ್ತೀಯೋ, ತೋಟದಲ್ಲೇ ಬಿಟ್ಟು ಬರ್ತೀಯೋ?"

ಬೇಗೂರಿನ ಉಳಿದ ನಾಲ್ವರು ಸೈಕಲ್ಲುಗಳನ್ನು ನೆಲಕ್ಕೆ ಮಲಗಿಸಿ ಸುತ್ತ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕಿಟ್ಟಿ ಬಂದ. ಆಮೇಲೆ, ಕಂಬದ ಹತ್ತಿರ ಏನೋ ಕೆಲಸವಿದ್ದವರ ಹಾಗೆ, ಜಯಸಿಂಹರೂ ಬಂದು ನಿಂತರು.