ಮರಳಿನ ಮೂಟೆ

"ಬ್ರೇಕ್ ಮುಟ್ಟಬೇಡ ಕಣಮ್ಮ," ಎಂದ ಸೆಲ್ಮರ್. "ಎರಡನೇ ಗೇರಲ್ಲೇ ಬಿಡು, ಇಂಜಿನ್ನೇ ಹಿಡ್ಕೊಳ್ಳುತ್ತೆ. ನೀನು ಸುಮ್ನೆ ಸ್ಟಿಯರಿಂಗ್ ನೋಡ್ಕೊಂಡಿರು."

ಜಾನಿಸ್ ಬ್ರೇಕಿನ ಮೇಲಿದ್ದ ಕಾಲನ್ನು ಹಿಂದಕ್ಕೆ ತೆಗೆದಳು. ಹಳೆಯ ಪಿಕಪ್ ಒಮ್ಮೆ ಗುರುಗುಟ್ಟಿ, ಹಿಮ ಮೆತ್ತಿದ ಇಳಿಜಾರಿನಲ್ಲಿ ನಿಧಾನವಾಗಿ ಇಳಿಯತೊಡಗಿತು. ಹಿಂದಿನ ತೊಟ್ಟಿಯಲ್ಲಿ ಮರಳಿನ ಮೂಟೆಗಳು ಕದಲದೆ ಕೂತಿದ್ದವು. ದುಲೂತ್ ಊರಿನ ಈ ಬೀದಿಗಳೆಲ್ಲ ಗುಡ್ಡದ ನೆತ್ತಿಯಿಂದ ನೇರ ಸರೋವರಕ್ಕೇ ಇಳಿಯುವಂಥವು. ಮೇಲೆ ಕೈಜಾರಿದ ಕಿತ್ತಳೆ ಹಣ್ಣನ್ನು ಕೆಳಗೆ ಬಂದರಿನಲ್ಲಿ ಹುಡುಕಬೇಕು ಎಂದು ಇಲ್ಲಿಯವರು ತಮಾಷೆ ಮಾಡುತ್ತಾರೆ. ಇವತ್ತು ತಮಾಷೆಯ ಮಾತಾಡುವ ಮನಸ್ಸು ಇಬ್ಬರಿಗೂ ಇರಲಿಲ್ಲ.

"ನಾನ್ಯಾಕೆ ಬಾಯಿ ಹಾಕ್ಲಿ ಬಿಡು," ಎಂದ ಮುದುಕ ಸ್ವಲ್ಪ ಹೊತ್ತಿನ ಮೇಲೆ. "ತನ್ನ ಗಾಡೀನೇ ನೆಟ್ಟಗೆ ನಿಲ್ಸೋಕೆ ಬರದವನು ಇನ್ನೊಬ್ಬರಿಗೆ ಏನು ಹೇಳ್ಕೊಡೋದು?"

ಅವನ ಕೋಟಿನ ಒಳಜೇಬಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಇತ್ತು. ಅದನ್ನು ಕಚೇರಿಯಲ್ಲಿ ಒಪ್ಪಿಸಿಬಿಡಲು ಹೊರಟಿದ್ದರು. ಸೇತುವೆಯಾಚೆಯ ಊರಿನಲ್ಲಿ ನರ್ಸ್ ಆಗಿರುವ ಮಗಳು ಕರ್ಸ್ಟನ್, ಪಿಕಪ್ ಕೊಳ್ಳುವವನನ್ನೂ ಗೊತ್ತುಮಾಡಿ, ತಲೆಯ ಡಾಕ್ಟರ ಬಳಿ ದಿನವನ್ನೂ ಗೊತ್ತುಮಾಡಿ, ಅಪ್ಪನನ್ನು ಕಚೇರಿಗೆ ಕರೆದೊಯ್ಯುವ ಕೆಲಸವನ್ನು ಪಕ್ಕದ ಮನೆಯ ಜಾನಿಸಳಿಗೆ ವಹಿಸಿದ್ದಳು. "ನಿಮ್ಮ ಮಾತಾದ್ರೆ ಕೇಳ್ತಾನೆ," ಎಂದಿದ್ದಳು. ಜಾನಿಸ್ ಹೂಂ ಅಂದಿದ್ದಳು. ಈಚೆಗೆ ಅವಳು ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು.

ಸೆಲ್ಮರ್ ನಿವೃತ್ತನಾಗುವವರೆಗೆ ಇದೇ ಗುಡ್ಡದಲ್ಲಿ ಹಿಮ ತಳ್ಳುವ ಲಾರಿ ಓಡಿಸಿದವನು. ಬಯಲುಸೀಮೆಯಿಂದ ಮದುವೆಯಾಗಿ ಬಂದ ಜಾನಿಸಳಿಗೆ ಮೊದಲ ಚಳಿಗಾಲದಲ್ಲಿ ಗಾಡಿ ನಿಲ್ಲಿಸುವುದನ್ನು ಕಲಿಸಿದವನೂ ಅವನೇ. "ಗಾಡಿ ಮೂತಿ ಕೆಳಗಿದ್ರೆ ಚಕ್ರ ಫುಟ್‌ಪಾತ್ ಕಡೆಗೆ. ಮೂತಿ ಮೇಲಿದ್ರೆ ಚಕ್ರ ರಸ್ತೆ ಕಡೆಗೆ. ಹ್ಯಾಂಡ್‌ಬ್ರೇಕ್ ನಂಬಬೇಡ, ಈ ಚಳೀಲಿ ಹೆಪ್ಪುಗಟ್ಟಿ ಹಿಡ್ಕೊಂಡುಬಿಡುತ್ತೆ. ಗಾಡಿ ಜಾರಿದ್ರೂ ಹೋಗಿ ಫುಟ್‌ಪಾತ್ ಅಂಚಿನ ಕಲ್ಲಿಗೆ ಒರಗ್ಬೇಕು, ಮಂದಿ ಮನೆಗಲ್ಲ." ಅವಳ ಗಂಡ ತೀರಿಕೊಂಡ ಮೇಲೆ ಎರಡು ಮನೆಯವರೂ ಬೀಗದ ಕೈ ಅದಲುಬದಲು ಮಾಡಿಕೊಂಡಿದ್ದರು. ಅವನ ಪಿಕಪ್ಪಿನ ಕೀಲಿ ಅವಳ ಮೇಜಿನ ಖಾನೆಯಲ್ಲಿತ್ತು. ಅವಳ ಮನೆಯದು ಅವನ ಅಡುಗೆಮನೆಯ ಮೊಳೆಗೆ ನೀಲಿ ಉಣ್ಣೆದಾರದಲ್ಲಿ ತೂಗುತ್ತಿತ್ತು. ಈ ಮಧ್ಯಾಹ್ನ ಕರೆಯಲು ಹೋದಾಗಲೂ ಅವಳ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

ಇದಕ್ಕೆಲ್ಲ ಕಾರಣವಾದ ಆ ಭಾನುವಾರ ನಡೆದದ್ದು ಇಷ್ಟೆ. ಹಿಮ ತಳ್ಳಲು ದಾರಿಯಾಗಲೆಂದು ಭಾನುವಾರ ಸಂಜೆ ಬೀದಿಯ ಗಾಡಿಗಳೆಲ್ಲ ಈ ಬದಿಯಿಂದ ಆ ಬದಿಗೆ ಹೋಗಬೇಕು. ಎಲ್ಲರವೂ ಹೋಗಿದ್ದವು, ಸೆಲ್ಮರನ ಪಿಕಪ್ ಮಾತ್ರ ಉಳಿದಿತ್ತು. ಕಿಟಕಿಯಲ್ಲಿ ನೋಡಿದರೆ ಮುದುಕ ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಎಬ್ಬಿಸುವುದೇಕೆಂದು ಜಾನಿಸ್ ತಾನೇ ಕೀಲಿ ತಂದು, ಗಾಡಿಯನ್ನು ಸುತ್ತು ಹಾಕಿಸಿ ಎದುರು ಬದಿಗೆ ತಂದು, ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿದಳು. ಮನೆಯಲ್ಲಿ ಚರ್ಚಿನ ಊಟಕ್ಕೆಂದು ಓವನ್ನಿನಲ್ಲಿಟ್ಟ ಆಲೂಗಡ್ಡೆಯ ಹಾಟ್‌ಡಿಶ್ ಸೀದುಹೋದೀತೆಂಬ ಗಡಿಬಿಡಿ. ಗೇರಿಗೆ ಹಾಕಿ ಇಳಿದು ಓಡಿದಳು. ಚಕ್ರ ತಿರುಗಿಸಲಿಲ್ಲ.

ಮರುದಿನ ಬೆಳಿಗ್ಗೆ ಹಿಮ ಗಾಜಿನಂತಾಗಿತ್ತು. ಪಿಕಪ್ ಹಿಮ್ಮುಖವಾಗಿ ಜಾರಿಕೊಂಡು ಹೋಗಿ ಮೂಲೆಮನೆಯ ಅಂಗಳಕ್ಕೆ ನುಗ್ಗಿತು. ಅಲ್ಲಿ ಮಕ್ಕಳು ಕಟ್ಟಿಕೊಂಡಿದ್ದ ಹಿಮದ ಕೋಟೆ ನೆಲಸಮವಾಯಿತು. ಶಾಲೆಯ ಬಸ್ಸು ಆಗಷ್ಟೇ ಮಕ್ಕಳನ್ನು ಹತ್ತಿಸಿಕೊಂಡು ಹೋಗಿತ್ತು. ಕೋಟೆಯ ಅವಶೇಷದಲ್ಲಿ ಸಿಕ್ಕ ಒಂದು ಕೆಂಪು ಕೈಗವಸನ್ನು ಹಿಡಿದುಕೊಂಡು ಆ ಮಕ್ಕಳ ತಾಯಿ ರಸ್ತೆಯಲ್ಲೇ ಕುಸಿದು ಕೂತಳು.

"ಚಕ್ರ ತಿರುಗಿಸಿರಲಿಲ್ವಾ ಸೆಲ್ಮರ್?" ಎಂದು ಯಾರೋ ಕೇಳಿದರು.

"ನನಗೆ... ಗಾಡಿ ಆ ಬದಿಗೆ ತಂದಿದ್ದೇ ನೆನಪಿಲ್ಲ," ಎಂದ ಸೆಲ್ಮರ್. ಆಗ ಬಾಯಿ ಬಿಡಬೇಕಿತ್ತು. ಜಾನಿಸಳ ಕಣ್ಣು ಆ ಕೆಂಪು ಕೈಗವಸಿನ ಮೇಲಿತ್ತು. ಬಾಯಿ ಬರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಹೆದರಿಕೆ ಎನ್ನಬಹುದಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಅಷ್ಟು ಸಾಲದು. ಸಂಜೆ ಕರ್ಸ್ಟನ್ ಬಂದು, "ಅಪ್ಪ ಈಚೆಗೆ ಮರೀತಿದ್ದಾನಾ?" ಎಂದು ಕೇಳಿದಾಗ, "ಸ್ವಲ್ಪ. ಮೊನ್ನೆ ಒಲೆ ಆರಿಸೋದನ್ನೂ ಮರೆತಿದ್ರು," ಎಂದುಬಿಟ್ಟಳು. ಹಾಗೇನೂ ಆಗಿರಲಿಲ್ಲ.

ಕಚೇರಿಯ ಮುಂದಿನ ರಸ್ತೆಯೂ ಇಳಿಜಾರೇ. ಮುಂದಿನ ಗಾಡಿಗೆ ಜಾಗ ಬಿಟ್ಟು ನಿಲ್ಲಿಸಿದ ಜಾನಿಸ್ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ, ಫುಟ್‌ಪಾತಿನ ಕಡೆಗೆ ತಿರುಗಿಸಿದಳು. ಚಕ್ರ ಮೆಲ್ಲಗೆ ಹೋಗಿ ಕಲ್ಲಿಗೆ ಒರಗಿತು. ಸೆಲ್ಮರ್ ಕಿಟಕಿಯಿಂದ ಕತ್ತು ಹಾಕಿ ನೋಡಿದ.

"ಚೆನ್ನಾಗಿ ನಿಲ್ಲಿಸ್ದೆ," ಎಂದ. "ನಾನು ಕಲಿಸಿದ್ದು ನನಗೇ ಮರೆತ್ಹೋಯ್ತು. ನೀನಾದ್ರೂ ಇಟ್ಕೊಂಡಿದೀಯಲ್ಲ."

ಆ ಮಾತನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಇಳೀಬೇಡಿ ಸೆಲ್ಮರ್. ಆ ಭಾನುವಾರ ಗಾಡಿ ತೆಗೆದಿದ್ದು ನೀವಲ್ಲ. ನಾನು. ಚಕ್ರ ತಿರುಗಿಸದೆ ಹೋದವಳೂ ನಾನೇ."

ಮುದುಕ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕೂತ. "ಆಗ ನಾನೆಲ್ಲಿದ್ದೆ?"

"ಕುರ್ಚೀಲಿ ನಿದ್ದೆ ಮಾಡ್ತಿದ್ರಿ. ಪೇಪರ್ ಮಡಿಲಲ್ಲಿ ಬಿದ್ದಿತ್ತು."

"ನಿದ್ದೆ," ಎಂದ ಸೆಲ್ಮರ್. "ಹಾಗಾದ್ರೆ ನಾನು ಮರೀಲಿಲ್ಲ. ನಿದ್ದೆ ಮಾಡ್ತಿದ್ದೆ!" ಅವನು ನಗತೊಡಗಿದ. ನಗುನಗುತ್ತ ಕಣ್ಣಲ್ಲಿ ನೀರು ಬಂತು. "ಇಷ್ಟು ದಿನ ರಾತ್ರಿ ಹಾಸಿಗೇಲಿ ಮಲ್ಕೊಂಡು ಏನು ಮಾಡ್ತಿದ್ದೆ ಗೊತ್ತಾ? ಲಾರಿ ಓಡಿಸ್ತಿದ್ದ ಬೀದಿಗಳ ಹೆಸರೆಲ್ಲಾ ಒಪ್ಪಿಸ್ಕೋತಿದ್ದೆ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಒಂದೂ ಬಿಟ್ಟುಹೋಗ್ತಿರಲಿಲ್ಲ. ಆದ್ರೂ ನನ್ನ ತಲೆ ಮೇಲೆ ನಂಗೇ ನಂಬಿಕೆ ಬರ್ತಿರಲಿಲ್ಲ."

"ನನ್ನದು ದೊಡ್ಡ ತಪ್ಪು."

"ತಪ್ಪೇ, ಕತ್ತೆ! ಆದ್ರೆ ಗಡಿಬಿಡೀಲಿ ಕೈ ತಪ್ಪೋದು ಯಾರಿಗಿಲ್ಲ. ನಾನೂ ಒಂದ್ಸಲ ಪಾದ್ರಿ ಮನೆ ಬೇಲೀನ ಲಾರೀಲಿ ತಳ್ಕೊಂಡು ಹೋಗಿದ್ದೆ." ಮೂಗು ಒರೆಸಿಕೊಂಡ. "ಕರ್ಸ್ಟನ್‌ಗೆ ಫೋನ್ ಮಾಡು. ಈಗ್ಲೇ. ನಂಗೂ ಕೇಳೋ ಹಾಗಿಡು."

"ಮನೆಗೆ ಹೋಗಿ ಮಾಡ್ತೀನಿ."

"ಯಾಕೆ? ಈಗ್ಲೇ ಮಾಡು ಅಂದ್ನಲ್ಲ."

ಅವಳು ನಂಬರು ಒತ್ತಿದಳು. ಕರ್ಸ್ಟನ್ ಎಲ್ಲವನ್ನೂ ಕೇಳಿಸಿಕೊಂಡಳು.

"ಸರಿ, ಗಾಡಿ ವಿಷಯ ಅರ್ಥ ಆಯ್ತು," ಎಂದಳು. "ಮತ್ತೆ ಆ ಒಲೆ ವಿಷಯ? ಅಪ್ಪ ಒಲೆ ಆರಿಸೋಕೆ ಮರೀತಾನೆ ಅಂತ ನೀವೇ ಹೇಳಿದ್ರಲ್ಲ ಜಾನಿಸ್? ಅದಕ್ಕೇ ತಾನೇ ನಾನು ಡಾಕ್ಟರ್‌ಗೆ ಹೇಳಿದ್ದು?"

ಸೆಲ್ಮರ್ ಅವಳ ಮುಖ ನೋಡಿದ.

"ಅದು ಸುಳ್ಳು," ಎಂದಳು ಜಾನಿಸ್. "ನಾನೇ ಹುಟ್ಟಿಸ್ಕೊಂಡು ಹೇಳಿದ್ದು."

"ಮಗಳೇ, ಸಾಯಂಕಾಲ ಮನೆಗೆ ಬಾ," ಎಂದು ಸೆಲ್ಮರ್ ಫೋನಿಗೆ ಹೇಳಿದ. ಗಾಜಿನ ಮೇಲೆ ಹಿಮ ಕೂರತೊಡಗಿತು. ಅವನ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ.

"ಇಳಿ," ಎಂದ ಕೊನೆಗೆ. "ನಾನು ಓಡಿಸ್ತೀನಿ."

ಅವಳು ಇಳಿದಳು. ಮುದುಕ ಸೊಂಟ ಹಿಡಿದುಕೊಂಡು ಸುತ್ತಿ ಬಂದು ಸ್ಟಿಯರಿಂಗಿನ ಮುಂದೆ ಕೂತ. ಜಾನಿಸ್ ಆ ಕಡೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಅವನು ಕಿಟಕಿ ಇಳಿಸಿದ.

"ನೀನು ನಡ್ಕೊಂಡೇ ಬಾ ಜಾನಿಸ್," ಎಂದ, ಸಿಟ್ಟಿಲ್ಲದ ದನಿಯಲ್ಲಿ. "ಏರು ಹತ್ತೋವಾಗ ಗಾಡಿ ಹಗುರ ಇದ್ರೆ ಒಳ್ಳೇದು."

ಹಿಂದಿನ ತೊಟ್ಟಿಯಲ್ಲಿ ಮರಳಿನ ಮೂಟೆಗಳು ಇದ್ದಲ್ಲೇ ಇದ್ದವು. ಭಾರವಿಲ್ಲದಿದ್ದರೆ ಚಕ್ರಕ್ಕೆ ಹಿಡಿತವಿಲ್ಲ ಎಂದು ಗುಡ್ಡಕ್ಕೆಲ್ಲ ಹೇಳಿ ಆ ಮೂಟೆಗಳನ್ನು ಹೊರಿಸಿದವನು ಅವನೇ. ಅವಳು ಹಿಂದೆ ಸರಿದು ನಿಂತಳು. ಪಿಕಪ್ ಮುಂದಿನ ತಿರುವಿನಲ್ಲಿ ಹೊರಳಿ, ಒಂದೇ ವೇಗದಲ್ಲಿ, ಎಲ್ಲೂ ನಿಲ್ಲದೆ, ಎಲ್ಲೂ ಜಾರದೆ ಗುಡ್ಡ ಹತ್ತಿತು.

ಜಾನಿಸ್ ಕಂಬಿ ಹಿಡಿದು, ಬೇಲಿ ಹಿಡಿದು, ಎರಡು ಸಲ ಮೊಣಕಾಲೂರಿ ಹತ್ತಿದಳು. ಮೂಲೆಮನೆಯ ಅಂಗಳದಲ್ಲಿ ಶಾಲೆಯಿಂದ ಬಂದ ಮಕ್ಕಳು ಮತ್ತೆ ಕೋಟೆ ಕಟ್ಟಲು ಶುರುಮಾಡಿದ್ದರು. ಅವಳು ಅತ್ತ ನೋಡದೆ ದಾಟಿದಳು. ಆ ಮನೆಯ ಬಾಗಿಲನ್ನೂ ಇವತ್ತು ತಟ್ಟಬೇಕಿತ್ತು.

ಸೆಲ್ಮರನ ಮನೆಯೆದುರು ಪಿಕಪ್ ಮೂತಿ ಮೇಲೆ ಮಾಡಿ ನಿಂತಿತ್ತು. ಮುಂದಿನ ಚಕ್ರಗಳು ರಸ್ತೆಯ ಕಡೆಗೆ ತಿರುಗಿದ್ದವು. ಚಕ್ರ ಒರಗುವಲ್ಲಿ ಮಂಜುಗಡ್ಡೆಯನ್ನು ಕಲ್ಲು ಕಾಣುವವರೆಗೆ ಕೆರೆದು ತೆಗೆದಿದ್ದ. ಅಡುಗೆಮನೆಯ ಪರದೆ ಎಳೆದಿತ್ತು.

ಅವಳ ಮೆಟ್ಟಿಲ ಮೇಲೆ ದೊಡ್ಡ ಬೂಟಿನ ಗುರುತುಗಳಿದ್ದವು, ಬಂದದ್ದೂ ಹೋದದ್ದೂ. ಬಾಗಿಲ ಹಿಡಿಗೆ ನೀಲಿ ಉಣ್ಣೆದಾರದಲ್ಲಿ ಅವಳ ಮನೆಯ ಬೀಗದ ಕೈ ತೂಗುತ್ತಿತ್ತು. ದಾರದ ಮೇಲೆ ಆಗಲೇ ಹಿಮ ಕೂತಿತ್ತು.