ಮೂರು ಬೆರಳಿನ ಗೀರು

ಚನ್ನಪಟ್ಟಣದ ಸೌಮ್ಯಶ್ರೀ ಒಂದು ಫೋನ್ ಕವರ್ ಚೆನ್ನಾಗಿದೆ ಎಂದರೆ ಚೆನ್ನಾಗಿದೆ. ಚೆನ್ನಾಗಿಲ್ಲ ಎಂದರೆ ಮುಗಿಯಿತು, ಆ ಕವರಿನ ಕತೆ ಗೋವಿಂದ. ರಾಮನಗರ, ಕನಕಪುರ, ಮಾಗಡಿ, ಎಲ್ಲಿಯ ಮೊಬೈಲ್ ಅಂಗಡಿಗೆ ಹೋಗಿ ನೋಡಿ, ಗಿರಾಕಿ ಗಲ್ಲಾದ ಮುಂದೆ ನಿಂತು, "ಒಸಿ ತಡೀರಿ, ಕವಚದಕ್ಕ ಇದ್ಕೇನಂದವ್ರೆ ನೋಡ್ತೀನಿ" ಎಂದು ಯೂಟ್ಯೂಬ್ ತೆಗೆಯುತ್ತಿದ್ದ. ‘ಕವಚ’ ಅವಳ ಚಾನೆಲ್ಲಿನ ಹೆಸರು. ಫೋನು, ಟ್ಯಾಬುಗಳಿಗೆ ಹಾಕುವ ಕವರು, ಪರದೆಯ ಮೇಲೆ ಅಂಟಿಸುವ ಗಾಜು, ಫಿಲ್ಮು, ಇಷ್ಟೇ ಅವಳ ವಿಷಯ. ಇದರಲ್ಲಿ ಮಾತಾಡುವುದಕ್ಕೇನಿದೆ ಎಂದು ಮೂಗು ಮುರಿದಿದ್ದವರೇ ಈಗ ಫೋನ್ ಒಡೆದುಕೊಂಡು ಅವಳ ಬಾಗಿಲಿಗೆ ಬರುತ್ತಿದ್ದರು.

ಅವಳ ಪರೀಕ್ಷೆಯೂ ಅಂಥದ್ದೇ. ಎಸಿ ರೂಮಿನಲ್ಲಿ ಕೂತು ಪೆಟ್ಟಿಗೆ ಬಿಚ್ಚಿ ‘ವಾವ್’ ಅನ್ನುವ ಜಾತಿಯಲ್ಲ. ಕವರನ್ನು ಹೊಂಗನೂರಿನ ಚಿಕ್ಕಮ್ಮನಿಗೆ ಕೊಟ್ಟು ಬರುತ್ತಿದ್ದಳು. ರೇಷ್ಮೆ ಹುಳ ಸಾಕುವ ಮನೆಯಲ್ಲಿ, ಸುಣ್ಣದ ಪುಡಿ ಮೆತ್ತಿದ ಕೈಯಲ್ಲಿ, ಹಿಪ್ಪುನೇರಳೆ ಸೊಪ್ಪಿನ ಹೊರೆಯ ನಡುವೆ ಅದು ಒಂದಷ್ಟು ದಿನ ಬಾಳಬೇಕು. ಆಮೇಲೆ ಸ್ಕೂಟರ್ ಡಿಕ್ಕಿಯಲ್ಲಿ ಸ್ಪ್ಯಾನರ್ ಜೊತೆ ಕುಣಿಯಬೇಕು, ಬೀಗದ ಕೈಗೊಂಚಲಿನ ಜೊತೆ ಪರ್ಸಿನಲ್ಲಿ ಕೂರಬೇಕು. ಇಷ್ಟೆಲ್ಲ ಆದ ಮೇಲೇ ಅವಳು ಬಾಯಿ ಬಿಡುತ್ತಿದ್ದುದು.

ಇದಕ್ಕೆಲ್ಲ ಬೆನ್ನಿಗೆ ನಿಂತವರು ಅತ್ತೆ ಗಿರಿಜಾಂಬ. ಸೌಮ್ಯಶ್ರೀಯ ಗಂಡ ರುದ್ರಪ್ರಸಾದ್ ಹಾರ್ಡ್‌ವೇರ್ ಅಂಗಡಿ ನಡೆಸುವವನು, ಸ್ವಲ್ಪ ಅಂಜುಬುರುಕ. ಹೆಂಡತಿ ಕ್ಯಾಮೆರಾ ಮುಂದೆ ಕೂರುತ್ತಾಳೆ ಎಂದಾಗ, "ಊರೋರು ಏನಂದಾರು?" ಎಂದು ರಾಗ ಎಳೆದಿದ್ದ. "ಊರೋರ್‍ಗೆ ನೀನು ಕದ ಕೀಲು ಮಾರು, ಅವಳು ಬುದ್ಧಿ ಹೇಳ್ಲಿ. ಏನ್ಲಾ ನಿಂದು?" ಎಂದು ಬಾಯಿ ಮುಚ್ಚಿಸಿದ ಗಿರಿಜಾಂಬ, ಮನೆಯಲ್ಲಿ ಬೆಳಕು ಚೆನ್ನಾಗಿ ಬರುವ ಜಾಗವೆಂದು ತಮ್ಮ ಪೂಜೆ ಕೋಣೆಯ ಪಕ್ಕದ ಕಿಟಕಿಯನ್ನೇ ಬಿಟ್ಟುಕೊಟ್ಟಿದ್ದರು.

ಅವರದು ಒಂದೇ ಕಾಯಿದೆ. ಮನೆಗೆ ಹೊಸದೇನು ಬಂದರೂ ಮೂರು ಬೆರಳಲ್ಲಿ ವಿಭೂತಿ ಎಳೆಯಬೇಕು. ಫ್ರಿಜ್ಜು, ಮಿಕ್ಸಿ, ಅಂಗಡಿಯ ತಕ್ಕಡಿ, ಮಗನ ಸ್ಕೂಟರು, ಯಾವುದೂ ತಪ್ಪಿಸಿಕೊಂಡಿರಲಿಲ್ಲ. ಸೊಸೆಗೆ ಹೆಸರು ತಂದುಕೊಟ್ಟ ಟ್ಯಾಬಿಗಂತೂ ದಿನಾ ವಿಭೂತಿ. ಒಮ್ಮೆ ಸೌಮ್ಯಶ್ರೀಯೇ, "ಅತ್ತೆ, ಸ್ಪೀಕರ್ ತುಂಬಾ ಪುಡಿ ಸೇರ್ಕಂಡು ಗೊರ್ ಅಂತೈತೆ," ಎಂದು ನಗುತ್ತಾ ದೂರಿದ್ದಳು. "ಆಯ್ತು ಬುಡವ್ವ" ಎಂದಿದ್ದರು ಅವರು. ಮಾರನೆಯ ದಿನದಿಂದ ಟ್ಯಾಬಿನ ಮೇಲೆ ವಿಭೂತಿ ಕಾಣಲಿಲ್ಲ. ಅತ್ತೆ ಬಿಟ್ಟುಬಿಟ್ಟರು ಎಂದುಕೊಂಡು ಅವಳೂ ಮರೆತಳು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಸನಾವುಲ್ಲಾ ಒಂದು ಹೊಸ ಫಿಲ್ಮ್ ತಂದುಕೊಟ್ಟದ್ದು ಆಮೇಲಿನ ಮಾತು. ಗಾಜಲ್ಲ, ಮೆತ್ತನೆಯ ಫಿಲ್ಮು. ಬಿದ್ದರೆ ಒಡೆಯುವುದಿಲ್ಲ, ಮಕ್ಕಳ ಕೈಗೆ ಚೂರು ಚುಚ್ಚುವುದಿಲ್ಲ. "ಚೆನ್ನಾಗಿದ್ರೆ ಚೆನ್ನಾಗೈತೆ ಅನ್ನಿ ಅಕ್ಕ, ಇಲ್ದಿದ್ರೆ ಮುಖಕ್ಕೆ ಉಗೀರಿ," ಎಂದು ಹೇಳಿ ಹೋದ. ಸೌಮ್ಯಶ್ರೀ ಅದನ್ನು ತನ್ನ ಟ್ಯಾಬಿಗೇ ಅಂಟಿಸಿಕೊಂಡಳು. ಕೆಲವೇ ವಾರದಲ್ಲಿ ಫಿಲ್ಮಿನ ಮೇಲೆ ಗೀರೋ ಗೀರು. ಟ್ಯಾಬ್ ಕಿಟಕಿಯ ಪಕ್ಕದ ಸ್ಟ್ಯಾಂಡು ಬಿಟ್ಟು ಅಲ್ಲಾಡಿರಲಿಲ್ಲ, ಪರ್ಸಿಗೆ ಹೋಗಿರಲಿಲ್ಲ, ಡಿಕ್ಕಿಗೆ ಬಿದ್ದಿರಲಿಲ್ಲ. ಕೂತಲ್ಲೇ ಗೀರು ಬಿದ್ದರೆ ಇನ್ನು ಹೊಲಕ್ಕೆ ಹೋದರೇನು ಗತಿ? ಅವಳಿಗೆ ರೇಗಿತು. "ಈ ಫಿಲ್ಮ್ ಹಾಕಿಸ್ಕಳಾದ್ಕಿಂತ ಬರೀ ಪರದೇನೇ ವಾಸಿ," ಎಂದು ವಿಡಿಯೋ ಹಾಕಿಯೇಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಮಾತನ್ನು ಜನ ತುಂಡು ಮಾಡಿ ವಾಟ್ಸಾಪಿನಲ್ಲಿ ಮಾಗಡಿಯಾಚೆಯ ಕುದೂರಿನ ತನಕ ಓಡಿಸಿದರು.

ಭಾನುವಾರ ಸನಾವುಲ್ಲಾ ಮನೆಗೆ ಬಂದ. ಜಗಳಕ್ಕೇ ಬಂದನೆಂದು ರುದ್ರಪ್ರಸಾದ್ ಒಳಗೆ ಸೇರಿಕೊಂಡ. ಆದರೆ ಸನಾವುಲ್ಲಾ ಚಪ್ಪಲಿ ಬಿಟ್ಟು, ಗಿರಿಜಾಂಬ ಕೊಟ್ಟ ಕಾಫಿ ಕುಡಿದು, ನಿಧಾನಕ್ಕೆ ಚೀಲದಿಂದ ತನ್ನ ಟ್ಯಾಬ್ ತೆಗೆದ.

"ಇದ್ಕೂ ಅದೇ ಫಿಲ್ಮು ಅಕ್ಕ, ಅದೇ ಪೆಟ್ಟಿಗೇದು. ಅಂಗಡೀಲಿ ಸ್ಕ್ರೂ ಡ್ರೈವರ್ ಪಕ್ಕದಲ್ಲೇ ಬಿದ್ದಿರ್‍ತದೆ. ನೋಡಿ, ಒಂದು ಗೀರಿಲ್ಲ. ನಿಮ್ದು ಸುಳ್ಳು ಅಂತ ನಾನು ಅನ್ನಲ್ಲ. ನಿಮ್ಮದ್ರಲ್ಲಿ ಹೆಂಗೆ ಬಿತ್ತು, ಅದೊಂದು ತಿಳ್ಕಬೇಕು."

"ಎಲ್ಲಾ ಫಿಲ್ಮೂ ಒಂದೇ ಥರ ಇರಲ್ಲ ಭಾಯ್," ಎಂದಳು ಸೌಮ್ಯಶ್ರೀ, ಸ್ವಲ್ಪ ಬಿಗುಮಾನದಿಂದಲೇ.

"ಇರ್‍ಬೋದು. ಕನಕಪುರದ ಒಂದು ಸ್ಕೂಲೋರು ಮಕ್ಕಳ ಟ್ಯಾಬಿಗೆಲ್ಲ ಇದನ್ನೇ ಹಾಕಿಸ್ತೀವಿ ಅಂದಿದ್ರು. ನಿಮ್ಮ ವಿಡಿಯೋ ನೋಡಿ, ನಾಳೆ ಸಂಜೆ ತೀರ್ಮಾನ ಹೇಳ್ತೀವಿ ಅಂದವ್ರೆ. ಆರ್ಡರ್ ಹೋದ್ರೆ ಹಾಳಾಗೋಗ್ಲಿ. ಸನಾವುಲ್ಲಾ ಕಳಪೆ ಮಾಲು ಮಾರ್‍ತಾನೆ ಅನ್ನೋ ಹೆಸರು ಬ್ಯಾಡ. ನಮ್ಮಪ್ಪನ ಕಾಲದ ಅಂಗಡಿ ಅದು, ವಾಚ್ ರಿಪೇರಿಯಿಂದ ಬಂದಿದ್ದು."

ಅವನು ತನ್ನ ಟ್ಯಾಬನ್ನು ಅಲ್ಲೇ ಬಿಟ್ಟು ಹೋದ. ಸೌಮ್ಯಶ್ರೀ ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಅವನದು ನೀರಿನ ಹಾಗೆ ತಿಳಿಯಾಗಿತ್ತು. ತನ್ನದರಲ್ಲಿ ಗೀರುಗಳು ಎಲ್ಲೆಂದರಲ್ಲಿ ಇರಲಿಲ್ಲ. ಎಡದಿಂದ ಬಲಕ್ಕೆ, ಒಂದರ ಕೆಳಗೊಂದು, ಮೂರು ಪಟ್ಟೆಯಾಗಿದ್ದವು. ಇದನ್ನು ಮೊದಲೇ ಗಮನಿಸಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಸೋಮವಾರ ಬೆಳಗಿನ ಬಿಸಿಲಲ್ಲಿ ಇನ್ನೊಮ್ಮೆ ನೋಡೋಣವೆಂದು ಬೇಗ ಎದ್ದು ಬಂದವಳು ಬಾಗಿಲಲ್ಲೇ ನಿಂತಳು. ಗಿರಿಜಾಂಬ ಪೂಜೆ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಟ್ಯಾಬಿನ ಮುಂದೆ ನಿಂತಿದ್ದರು. ಮೂರು ಬೆರಳಲ್ಲಿ ವಿಭೂತಿ ಅದ್ದಿ ಪರದೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದರು. "ನನ್ನ ಸೊಸೆ ಮಾತು ಸುಳ್ಳಾಗ್ದಂಗೆ ಕಾಯಪ್ಪ ಶಿವನೇ," ಎಂದು ಕೈಮುಗಿದರು. ಆಮೇಲೆ, ಪುಡಿ ಸ್ಪೀಕರಿಗೆ ಹೋಗಬಾರದಲ್ಲ, ಒಣ ಸೆರಗು ಹಿಡಿದು ಅದೇ ಗೆರೆಗಳ ಮೇಲೆ ಗಸಗಸ ಉಜ್ಜಿದರು. ಪರದೆ ಫಳಫಳ ಅನ್ನುವ ತನಕ ಬಿಡಲಿಲ್ಲ.

ಅಯ್ಯೋ ಶಿವನೇ! ಈ ಫಿಲ್ಮಿಗೆ ಮೊದಲು ಟ್ಯಾಬಿನ ಮೇಲಿದ್ದದ್ದು ಗಾಜು. ಗಾಜು ಗಟ್ಟಿ, ವಿಭೂತಿಯೊಳಗಿನ ಸಣ್ಣ ಹರಳಿಗೆಲ್ಲ ಜಗ್ಗುವುದಿಲ್ಲ. ಮೆತ್ತನೆಯ ಫಿಲ್ಮು ಜಗ್ಗಿತ್ತು. ಪುಡಿ ಬೇಡ ಎಂದವಳು ತಾನು, ಅದಕ್ಕೇ ಅತ್ತೆ ಒರೆಸತೊಡಗಿದ್ದು. ಮಾತು ಸುಳ್ಳಾಗದಿರಲಿ ಎಂದು ಅವರು ದಿನವೂ ಬೇಡಿಕೊಂಡ ಕೈಯೇ ಅವಳ ಮಾತನ್ನು ಸುಳ್ಳು ಮಾಡಿಟ್ಟಿತ್ತು.

ಸೌಮ್ಯಶ್ರೀ ಸದ್ದಿಲ್ಲದೆ ಅಡುಗೆಮನೆಗೆ ಸರಿದಳು. ನಿಜ ಹೇಳದಿದ್ದರೆ ಸನಾವುಲ್ಲಾನ ಹೆಸರು ಹೋಗುತ್ತದೆ. ನಿಜ ಹೇಳಿದರೆ, ಅತ್ತೆಯ ವಿಭೂತಿಯನ್ನು ಊರ ಮುಂದೆ ನಿಲ್ಲಿಸಿದ ಹಾಗೆ. ಯಾರ ಬೆನ್ನ ಆಸರೆಯಲ್ಲಿ ಮಾತು ಕಲಿತಳೋ ಅವರನ್ನೇ ನೋಡಿ ಜನ ನಗುವ ಹಾಗೆ ಮಾಡುವುದು ಹೇಗೆ? ಅವಳಿಗೆ ಅಳು ಬಂತು. ಒಗ್ಗರಣೆಗೆ ಹಾಕಿದ ಸಾಸಿವೆ ಸೀದುಹೋದದ್ದೂ ತಿಳಿಯಲಿಲ್ಲ.

ತಿಂಡಿ ಆದ ಮೇಲೆ ಒಂದು ದಾರಿ ಹೊಳೆಯಿತು. ಕಿಟಕಿಯ ಪಕ್ಕ ಕ್ಯಾಮೆರಾ ಇಟ್ಟುಕೊಂಡು ಶುರು ಮಾಡಿದಳು: "ನಮಸ್ಕಾರ. ಹೋದ ಸಲ ಹೇಳಿದ ಫಿಲ್ಮ್ ಕೆಟ್ಟದ್ದಲ್ಲ. ತಪ್ಪು ನಮ್ಮ ಮನೇದೇ. ಮನೇಲಿ ಯಾವುದೋ ಧೂಳು ಜಾಸ್ತಿ ಇದ್ದು..."

"ಯಾವ ಧೂಳು?"

ಗಿರಿಜಾಂಬ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಅವರ ಬೆಳ್ಳಿಯ ಕರಡಿಗೆ, ಕೊರಳಿನ ಲಿಂಗವನ್ನು ಒಳಗಿಟ್ಟುಕೊಳ್ಳುವ ಪುಟ್ಟ ಭರಣಿ. ಸೋಮವಾರ ಅದನ್ನು ಉಜ್ಜಿ ಬೆಳಗುವ ದಿನ. ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ.

"ಯಾವ ಧೂಳು ಸೌಮ್ಯ? ನಲವತ್ತು ವರ್ಷದಿಂದ ಈ ಮನೆ ಗುಡಿಸಿ ಒರಸ್ತಾ ಇವ್ನಿ. ಗಿರಿಜಾಂಬನ ಮನೇಲಿ ಧೂಳು ಅಂತ ಲೋಕಕ್ಕೆಲ್ಲ ಡಂಗುರ ಸಾರ್‍ತಿದ್ದೀಯಲ್ಲ, ನಾನೇನು ಸತ್ತೋಗಿದ್ನಾ?"

ನೋಡಿ, ಒಂದನ್ನು ಮುಚ್ಚಲು ಹೋಗಿ ಇನ್ನೊಂದನ್ನು ಬಿಚ್ಚಿಟ್ಟ ಹಾಗಾಯಿತು. ವಿಭೂತಿಯ ಮಾತು ಎತ್ತಿದ್ದರೂ ಇಷ್ಟು ನೋಯುತ್ತಿರಲಿಲ್ಲ, ಧೂಳಿನ ಮಾತು ಅತ್ತೆಯ ಎದೆಗೆ ನೆಟ್ಟಿತ್ತು. ಅವರ ಕಣ್ಣಲ್ಲಿ ನೀರು ಕಂಡ ಮೇಲೆ ಸೌಮ್ಯಶ್ರೀ ಇನ್ನು ತಡೆಯಲಿಲ್ಲ. ಬೆಳಿಗ್ಗೆ ಕಂಡದ್ದನ್ನು, ಸನಾವುಲ್ಲಾನ ಟ್ಯಾಬನ್ನು, ಮೂರು ಪಟ್ಟೆಯನ್ನು, ಎಲ್ಲವನ್ನೂ ಹೇಳಿದಳು. "ನೀವು ಒರೆಸಿದ್ದು ನಾನು ಪುಡಿ ಬ್ಯಾಡ ಅಂದಿದ್ಕೆ ಅತ್ತೆ. ತಪ್ಪು ನಂದು."

ಗಿರಿಜಾಂಬ ಟ್ಯಾಬನ್ನು ಓರೆಯಾಗಿ ಬೆಳಕಿಗೆ ಹಿಡಿದು, ಮೂರು ಬೆರಳನ್ನು ಆ ಪಟ್ಟೆಗಳ ಮೇಲೆ ಇಟ್ಟು ನೋಡಿದರು. ಸರಿಯಾಗಿ ಕೂತಿತು.

"ನಮ್ಮತ್ತೆ ನಂಗೆ ಕರಡಿಗೆ ಬೆಳಗೋದು ಕಲಿಸ್ದಾಗ ಮೊದಲು ಹೇಳಿದ್ದೇ ಅದು," ಎಂದರು ಕೊನೆಗೆ. "ವಿಭೂತೀಲಿ ಉಜ್ಜು, ಬೆಳ್ಳಿ ಹೊಳೀತದೆ. ಆದ್ರೆ ಬಟ್ಟೆ ಒದ್ದೆ ಇರ್‍ಬೇಕು, ಒಣಗಿದ್ರಲ್ಲಿ ಉಜ್ಜಿದ್ರೆ ಗೀರು ಬೀಳ್ತದೆ ಅಂತ. ಬೆಳ್ಳಿಗೆ ಮಾಡ್ಬಾರದ್ದ ನಿನ್ನ ಟ್ಯಾಬಿಗೆ ಮಾಡ್ಬುಟ್ನಲ್ಲವ್ವ." ಸೆರಗಲ್ಲಿ ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತರು. "ಅದೇನು ಆನ್ ಮಾಡ್ಬೇಕೋ ಮಾಡು."

"ಬ್ಯಾಡ ಅತ್ತೆ, ಜನ ನಗ್ತಾರೆ."

"ನಗ್ಲಿ. ಆ ಸನಾವುಲ್ಲಾ ಬೇಜಾರ್ ಮಾಡ್ಕಂಡು, ಕಾಫಿ ಲೋಟ ತಾನೇ ತೊಳೆದಿಟ್ಟು ಹೋದ ನೆನ್ನೆ. ನಾನು ಮಾಡಿದ್ದ ಅವನ್ಯಾಕೆ ಹೊರಬೇಕು? ಆನ್ ಮಾಡು ಅಂದೆ."

ಸೌಮ್ಯಶ್ರೀ ಕ್ಯಾಮೆರಾ ಆನ್ ಮಾಡಿ, ಅದೇ ಫಿಲ್ಮಿನ ಎರಡು ಹೊಸ ತುಂಡು ತಂದಿಟ್ಟಳು. ಅತ್ತೆ ಒಂದಕ್ಕೆ ವಿಭೂತಿ ಎಳೆದು ಒಣ ಸೆರಗಲ್ಲಿ ಉಜ್ಜಿದರು, ಇನ್ನೊಂದಕ್ಕೆ ವಿಭೂತಿ ಎಳೆದು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೆದರು. ಉಜ್ಜಿದ್ದರಲ್ಲಿ ಗೀರು, ಒತ್ತಿದ್ದರಲ್ಲಿ ಇಲ್ಲ. ಗಿರಿಜಾಂಬ ಕ್ಯಾಮೆರಾವನ್ನು ಎದುರು ಮನೆಯವರನ್ನು ನೋಡುವ ಹಾಗೆ ನೇರ ನೋಡಿ ಹೇಳಿದರು: "ಮಾಲಿನ ತಪ್ಪಲ್ಲ ಕಣ್ರಪ್ಪ, ದೇವ್ರದೂ ಅಲ್ಲ. ಈ ಮುದುಕಿ ಕೈದು. ನಿಮ್ಮ ಮನೇಲೂ ನಮ್ಮಂಥೋರು ಇರ್‍ತಾರೆ, ಒಸಿ ಒದ್ದೆ ಬಟ್ಟೆ ಕೊಡಿ."

ಜನ ನಕ್ಕರು, ಇಲ್ಲವೆನ್ನುವುದಿಲ್ಲ. ಆದರೆ ನಕ್ಕವರೆಲ್ಲ ತಮ್ಮ ಮನೆಯ ಕತೆಯನ್ನೂ ಬರೆದರು. ಕೋಡಿಹಳ್ಳಿಯ ಒಬ್ಬಳು, ತನ್ನ ಅಜ್ಜಿ ಹಬ್ಬಕ್ಕೆ ಫೋನಿಗೆ ಅರಿಶಿನ ಕುಂಕುಮ ಇಟ್ಟು, ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದಿದ್ದನ್ನು ಹೇಳಿಕೊಂಡಿದ್ದಳು. ಸಂಜೆ ಸನಾವುಲ್ಲಾ ಫೋನ್ ಮಾಡಿದ. ಸೌಮ್ಯಶ್ರೀಗಲ್ಲ, ಗಿರಿಜಾಂಬನಿಗೆ. "ಸ್ಕೂಲೋರು ಒಪ್ಕಂಡ್ರು ಅಮ್ಮಾ. ಒಂದೊಂದು ಟ್ಯಾಬಿನ ಜೊತೆ ಒಂದೊಂದು ಒರೆಸೋ ಬಟ್ಟೆ ಕೊಡ್ತೀನಿ ಅಂದಿದ್ದೀನಿ," ಎಂದ.

ಅದೇ ವಾರ ಹೊಸ ಪಾರ್ಸೆಲ್ ಬಂತು. ಸೌಮ್ಯಶ್ರೀ ಬಿಚ್ಚುತ್ತಿದ್ದಳು. ಅಭ್ಯಾಸಬಲದಿಂದ ವಿಭೂತಿ ಅದ್ದಿಕೊಂಡು ಬಂದ ಗಿರಿಜಾಂಬ, ಫಿಲ್ಮ್ ಕಂಡದ್ದೇ ಗಕ್ಕನೆ ನಿಂತರು. ಬೆರಳು ಮಡಚಿಕೊಂಡು ಏನೂ ಆಗದವರಂತೆ ತಿರುಗಿದರು. ಅದನ್ನು ಕಂಡು ಸೌಮ್ಯಶ್ರೀ ಫಿಲ್ಮನ್ನು ಅವರತ್ತ ಚಾಚಿದಳು.

"ಅತ್ತೆ, ಇಡಿ. ನಾನೇ ಒದ್ದೆ ಬಟ್ಟೇಲಿ ಒರೆಸ್ಕತೀನಿ."

"ಬ್ಯಾಡವ್ವ, ಅದ್ಕೆ ಬ್ಯಾಡ," ಎಂದರು ಗಿರಿಜಾಂಬ. ಬಾಗಿಲಲ್ಲೇ ನಿಂತು ಒಂದು ಗಳಿಗೆ ಯೋಚಿಸಿದರು. ಆಮೇಲೆ ಹತ್ತಿರ ಬಂದು, ಸೊಸೆಯ ಗದ್ದ ಹಿಡಿದೆತ್ತಿ, ಹಣೆಯ ಮೇಲೆ ಮೂರು ಬೆರಳು ಎಳೆದರು. "ಮಾತಾಡೋಳು ನೀನು ತಾನೆ? ಇಲ್ಲಿಗೇ ಇಡ್ಬೇಕಿತ್ತು ನಾನು."

ಸೌಮ್ಯಶ್ರೀ ಒರೆಸಿಕೊಳ್ಳಲಿಲ್ಲ. ಹಾಗೇ ಕೂತು ಕ್ಯಾಮೆರಾ ಆನ್ ಮಾಡಿದಳು.