ಹೋರಿಯ ಬೆನ್ನಿನ ಸುಳಿ

ಗಂಡನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಲೋಹಿತಾಳನ್ನು ಎಬ್ಬಿಸಿದ್ದು ಹಿತ್ತಲಿನ ಹೋರಿ. ಅಷ್ಟು ದಿನ ಯಾರೋ ಹುಲ್ಲು ಹಾಕುತ್ತಿದ್ದರು. ಇವತ್ತು ಯಾರೂ ಇರಲಿಲ್ಲ. ಎದ್ದು ಬಕೆಟ್ಟಿಗೆ ನೀರು ತುಂಬಿದಳು.

ಗಂಡ ಪ್ರಭುದೇವ್ ಮರದ ಹಲಗೆಯನ್ನು ಸುಟ್ಟು ಪ್ರಾಣಿಗಳ ಚಿತ್ರ ಬಿಡಿಸುತ್ತಿದ್ದ. ಮೊನೆ ಕಾಯುವ ಕರೆಂಟಿನ ಪೆನ್ನು, ಅದರಿಂದ ಒಂದೊಂದೇ ಕೂದಲು. “ಕೂದಲು ಯಾವ ಕಡೆಗೆ ಮಲಗಿದೆ ಅಂತ ಫೋಟೊ ಹೇಳಲ್ಲ ಕಣೆ” ಎಂದು ಕೊಳಾಲದ ಬಸವಲಿಂಗಯ್ಯನವರ ಹೋರಿಯನ್ನೇ ಎಂಟು ದಿನಕ್ಕೆ ಕೇಳಿ ತಂದು ಕೊರಟಗೆರೆಯ ಈ ಮನೆಯ ಹಿತ್ತಲಲ್ಲಿ ಕಟ್ಟಿದ್ದ. ಏಳನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಮಣ್ಣಿಗೆ ಬಂದ ಬಸವಲಿಂಗಯ್ಯ, ಸಾವಿನ ಮನೆಯಲ್ಲಿ ಹೋರಿಯ ಮಾತೆತ್ತದೆ ವಾಪಸು ಹೋಗಿದ್ದರು.

“ನಿಲ್ಲೇ ಅಲ್ಲೇ!” ಅತ್ತೆ ಸಿದ್ದಗಂಗಮ್ಮ ಹಿಂದಿನಿಂದ ಕೂಗಿದರು. “ಅದರ ಬೆನ್ನು ನೋಡು.”

ಡುಬ್ಬದ ಹಿಂದೆ ಕೂದಲು ಸುತ್ತಿಕೊಂಡು ರೂಪಾಯಿ ಅಗಲದ ಸುಳಿ.

“ಯಜಮಾನನ್ನೇ ತಿನ್ನೋ ಸುಳಿ ಕಣಮ್ಮ ಅದು! ಬಸವಲಿಂಗಯ್ಯ ಬೇಕಂತ್ಲೇ ನಮ್ಮನೆಗೆ ದಾಟಿಸ್ಬುಟ್ಟ. ದಲ್ಲಾಳಿಗೆ ಹೇಳಿವ್ನಿ, ಹತ್ತು ಗಂಟೆಗೆ ಬತ್ತಾನೆ. ಕಡಿಯೋರಿಗಾದ್ರೂ ಕೊಡ್ಲಿ.”

“ಅದು ನಮ್ಮದಲ್ಲ ಅತ್ತೆ.”

“ನಿನ್ ಗಂಡ ನಿನ್ನೋನಲ್ವಾ? ಅದೇನು ಕೇಳ್ಕೊಂಡು ತಿಂತಾ? ಎಂ.ಎ. ಓದಿದ್ಯಲ್ಲ, ಹೇಳು.”

ಲೋಹಿತಾ ಬಕೆಟ್ಟನ್ನು ಹೋರಿಯ ಮುಂದಿಟ್ಟಳು. ಗಂಡನ ಕೆಲಸದ ಕೋಣೆಗೆ ಹೋದಳು. ಒಂದು ನರಹುಲಿಯನ್ನೂ ಬಿಡದವನು ಇಂಥ ಸುಳಿಯನ್ನು ಹೇಗೆ ಸುಟ್ಟಿದ್ದಾನೆ, ನೋಡಬೇಕಿತ್ತು. ಹಲಗೆಯ ಮೇಲಿನ ಬಟ್ಟೆ ತೆಗೆದಳು. ಕಾಲುಗಳಷ್ಟೇ ಬಾಕಿ. ಡುಬ್ಬದಿಂದ ಬಾಲದವರೆಗೆ ಕೂದಲು ಬಾಚಿದಂತೆ ನೇರ. ಸುಳಿ ಇಲ್ಲ.

ಹಲಗೆಯನ್ನು ಹೊರಗೆ ತಂದು ಹೋರಿಯ ಪಕ್ಕ ಹಿಡಿದಳು. ಎಡಗಿವಿಯ ಹರಿದ ಅಂಚು ಕೂಡ ಚಿತ್ರದಲ್ಲಿತ್ತು. ಸುಳಿಯ ನಡುವೆ ಬೆರಳಿಟ್ಟಳು. ಗಟ್ಟಿ. ಉಗುರಿಗೆ ಹಕ್ಕಳೆ ಎದ್ದು ಬಂತು, ಕೆಳಗೆ ಎಳೆಯ ಚರ್ಮ.

ಕೊನೆಯ ಸಂಜೆ ಹೋರಿಯ ಪಕ್ಕ ಪೆನ್ನು ಹಿಡಿದು ಕೂತಿದ್ದ ಪ್ರಭುದೇವ್ ಒಳಗೆ ಬಂದಾಗ ಕೂದಲು ಸುಟ್ಟ ವಾಸನೆ. “ಏನ್ರೀ ಅದು?” “ಏನಿಲ್ಲ ಬಿಡು.” ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಂಡು ಹಿತ್ತಲಿಗೆ ಹೋಗಿದ್ದ. ಯಾಕೆ ಅಂದದ್ದಕ್ಕೆ ಬಾಗಿಲ ಕೀಲಿಗೆ ಅಂದಿದ್ದ.

ಅವನು ಅವಳಿಗೆ ಆಡಿದ ಕೊನೆಯ ಮಾತುಗಳಲ್ಲಿ ಒಂದು ಸುಳ್ಳು. ಬಾಯಿ ಮುಚ್ಚಿಕೊಂಡರೆ ಅವನ ಹೆಸರು ಉಳಿಯುತ್ತದೆ, ಹೋರಿ ಉಳಿಯುವುದಿಲ್ಲ.

“ಅತ್ತೆ, ಇದು ಸುಳಿಯಲ್ಲ. ಅವರ ಕೈಲಿ ಸುಟ್ಟಿದ್ದು.”

“ಸತ್ತೋನ ಮೇಲೆ ಹೊರಿಸ್ತೀಯೇನೇ?”

ಲೋಹಿತಾ ಹಲಗೆಯನ್ನು ಅವರ ಮುಂದೆ ಹಿಡಿದಳು. ಸಿದ್ದಗಂಗಮ್ಮ ನೋಡಿದರು, ಹೋರಿಯನ್ನೂ ನೋಡಿದರು. ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಸುಳಿಯ ಮೇಲೆ ಹೊರಿಸಿದ್ದ ಸಾವು ಮತ್ತೆ ಬರೀ ಸಾವಾಗಿ ಮನೆಯೊಳಗೆ ಉಳಿಯಿತು.

ದಲ್ಲಾಳಿ ಬರುವ ಮೊದಲೇ ಹೋರಿಯನ್ನೂ ಲೋಹಿತಾಳನ್ನೂ ಹೊತ್ತ ಬಾಡಿಗೆ ಟೆಂಪೊ ಕೊಳಾಲದ ದಾರಿ ಹಿಡಿದಿತ್ತು.

ಬಸವಲಿಂಗಯ್ಯ ಹೋರಿಯ ಬೆನ್ನು ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. “ಇದೇನಮ್ಮ ಇದು! ನಾನು ಕೊಟ್ಟಾಗ ಇರ್ಲಿಲ್ಲ!”

“ಇರಲಿಲ್ಲ. ನಮ್ಮನೆಯವರು ಕೈತಪ್ಪಿ ಸುಟ್ಟಿದ್ದಾರೆ. ಹೇಳದೆ ಮುಚ್ಚಿಟ್ಟರು.” ಹಲಗೆ ತೋರಿಸಿದಳು.

ಅವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಹೋರಿಯ ಬೆನ್ನಿನ ಗುರುತನ್ನು ಒತ್ತಿ ನೋಡಿದರು. “ಹೌದು, ಗಾಯ. ಸುಳಿ ಹುಟ್ಟುತ್ಲೇ ಬರ್ಬೇಕು. ಆದ್ರೆ ಈ ಊರಿನೋರು ನಂಬ್ಬೇಕಲ್ಲ ತಾಯಿ.”

“ಕರೀರಿ. ಎಲ್ಲರ ಎದುರೂ ಅವರ ಹೆಸರು ಹಿಡಿದೇ ಹೇಳ್ತೀನಿ.”

ಜಗಲಿಯಲ್ಲಿದ್ದ ನಾಲ್ಕು ಜನ ಆಗಲೇ ಎದ್ದು ಬರುತ್ತಿದ್ದರು. ಲೋಹಿತಾ ಹೇಳಿದಳು. ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ “ಪ್ರಭುದೇವ್” ಅನ್ನುವಾಗ ಹಲಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಬಸವಲಿಂಗಯ್ಯ ಕೈಚಾಚಿದರು. ಅವಳು ಹಗ್ಗ ಕೊಟ್ಟಳು.